ನೀಲಿಗೆ ತಿರುಗಿದ ಕಳಿನೀರು

ಪುಂಡಿಯ ಎಲೆಯ ಅಂಚು ಹಳದಿಯಾಗಿತ್ತು. ಗಾಳೆಮ್ಮ ಅದನ್ನು ಚಿವುಟಿ ಸೆರಗಿನ ತುದಿಯಲ್ಲಿ ಸುತ್ತಿಟ್ಟುಕೊಂಡಳು. ಪಕ್ಕದ ಮಡಿಯಲ್ಲೂ ಒಂದೆರಡು ಎಲೆಗಳು ಹಾಗೇ ಇದ್ದವು. ಅದರಾಚೆಯ ಮಡಿಯಲ್ಲೂ. ಎಲ್ಲವನ್ನೂ ಚಿವುಟಿ ಮುಚ್ಚಿಡಲು ಆಗುವಂತಿರಲಿಲ್ಲ.

ಮಾಪಕದ ಕೋಣೆಗೆ ಬಂದು ಕೂತಾಗ ಗೋಡೆಯ ಮೇಲಿನ ದೊಡ್ಡ ಮುಳ್ಳು ಹಸಿರು ಪಟ್ಟಿಯನ್ನು ದಾಟಿ, ಹಳದಿಯೊಳಗೆ ಕೂದಲೆಳೆಯಷ್ಟು ಬಂದಿತ್ತು.

ಅದು ಹಳೇಗಾಳಿಯ ಮುಳ್ಳು. ಒಳಗೇರಿಯ ಜನ ಹೊರಬಿಟ್ಟ ಉಸಿರು ಎಷ್ಟು ಕೂಡಿಕೊಂಡಿದೆ ಎಂದು ತೋರಿಸುವುದು ಅದರ ಕೆಲಸ. ಅದನ್ನು ನೋಡುತ್ತ ಕೂರುವುದು ಗಾಳೆಮ್ಮನ ಕೆಲಸ.

ಒಳಗೇರಿ ಇದ್ದದ್ದು ನೆಲದ ಕೆಳಗೆ, ಚಿನ್ನ ಮುಗಿದ ಮೇಲೆ ಬಿಟ್ಟುಹೋದ ಗಣಿಯಲ್ಲಿ. ಬೇಸಿಗೆಯ ಬಿಸಿಲಿಗೆ ಮನುಷ್ಯರು ನಿಂತಲ್ಲೇ ಬೀಳತೊಡಗಿದ ಮೇಲೆ ಸುತ್ತಲಿನ ಊರುಗಳ ಜನ ಯುಗಾದಿ ಮುಗಿಯುತ್ತಲೇ ಇಲ್ಲಿಗೆ ಇಳಿಯುತ್ತಿದ್ದರು. ಮಳೆ ಬಿದ್ದು ನೆಲ ತಣ್ಣಗಾದಾಗ ಮತ್ತೆ ಹತ್ತುತ್ತಿದ್ದರು. ನಡುವಿನ ತಿಂಗಳುಗಳಲ್ಲಿ ಮೇಲಿನ ಬಾಗಿಲು ತೆರೆಯುತ್ತಿರಲಿಲ್ಲ. ಹೊರಗಿನ ಬೆಂಕಿಗಾಳಿಯನ್ನು ಒಳಗೆ ಎಳೆದರೆ ಅದನ್ನು ತಂಪು ಮಾಡಲು ಇರುವ ಕರೆಂಟೆಲ್ಲ ಬೇಕು. ಆಗ ದೀಪಗಳು ಆರುತ್ತವೆ. ದೀಪ ಆರಿದರೆ ಗಿಡವಿಲ್ಲ. ಒಳಗೇರಿಯಲ್ಲಿ ಗಿಡವೇ ಊಟ, ಗಿಡವೇ ಗಾಳಿ. ಬಂಡೆ ಕೊರೆದ ಉದ್ದುದ್ದ ಸುರಂಗಗಳಲ್ಲಿ, ಮನೆಮನೆಯ ಗೋಡೆಗಳ ಮೇಲೆ, ನೇರಳೆ ದೀಪಗಳ ಕೆಳಗೆ ಪುಂಡಿ, ರಾಜಗಿರಿ, ಮೆಂತ್ಯೆ, ಬದನೆ ಬೆಳೆಯುತ್ತಿದ್ದವು. ಮಣ್ಣಿರಲಿಲ್ಲ. ಸಣ್ಣ ಕಲ್ಲುಗಳ ನಡುವೆ ಬೇರುಗಳು ಇಳಿಬಿದ್ದಿದ್ದವು, ಅವುಗಳ ಮೇಲೆ ಸದಾ ಕಳಿನೀರು ಹರಿಯುತ್ತಿತ್ತು.

ಕಳಿನೀರೆಂದರೆ ದ್ರವಗೊಬ್ಬರ. ಮೊದಲು ಗೊಬ್ಬರ ಹೊರಗಿನಿಂದ ಡ್ರಮ್ಮುಗಳಲ್ಲಿ ಬರುತ್ತಿತ್ತು. ಅದು ನಿಂತುಹೋದ ಮೇಲೆ, ಹೋದ ವರ್ಷದಿಂದ, ಒಳಗೇರಿಯವರು ತಾವೇ ಮಾಡಿಕೊಳ್ಳುತ್ತಿದ್ದರು. ಪ್ರತಿ ಮನೆಯಲ್ಲೂ ಒಂದು ಗಡಿಗೆ. ಅಕ್ಕಿ ತೊಳೆದ ನೀರು, ಕಾಯಿಪಲ್ಲೆಯ ಸಿಪ್ಪೆ, ಹುಳಿ ಮಜ್ಜಿಗೆ, ಒಂದು ಚೂರು ಬೆಲ್ಲ ಅದರೊಳಗೆ ಕಳಿಯುತ್ತಿದ್ದವು. ಮಂಗಳವಾರ ಹೆಂಗಸರು ಗಡಿಗೆ ಹೊತ್ತು ಬಂದು ಗಣಿಯ ನಡುವಿನ ತಾಯಿಹೊಂಡಕ್ಕೆ ಸುರಿಯುತ್ತಿದ್ದರು. ಮನೆಗಳ ಬಚ್ಚಲ ನೀರೂ ಅಲ್ಲಿಗೇ ಬಂದು ಸೇರುತ್ತಿತ್ತು.

ತೋಟದ ಮೇಲ್ವಿಚಾರಣೆಗೆ ಧಾರವಾಡದ ಕಡೆಯಿಂದ ಬಂದ ದೇಸಾಯರು ಮೊದಲ ದಿನವೇ ಎಲ್ಲರನ್ನೂ ಹೊಂಡದ ದಂಡೆಯ ಮೇಲೆ ನಿಲ್ಲಿಸಿ ಹೇಳಿದ್ದರು:

"ಕೊಳತದ್ದನ್ನ ಗಿಡ ಹಂಗ ತಿನ್ನೂದಿಲ್ಲ. ಇದರಾಗ ಕಣ್ಣಿಗೆ ಕಾಣಲಾರದ ಜೀವ ಅವ. ಅವು ಕೊಳತದ್ದನ್ನ ಅಡಗಿ ಮಾಡಿ ಗಿಡಕ್ಕ ಬಡಸ್ತಾವ. ಅಡಗಿ ಮಾಡೋರು ಸತ್ತರ, ಮನಿ ತುಂಬ ಅಕ್ಕಿ ಇದ್ರೂ ಉಪವಾಸ. ತಿಳೀತ?"

"ತಿಳೀತ್ರಿ," ಎಂದಿದ್ದರು ಎಲ್ಲರೂ. ಹೆಂಗಸರಿಗೆ ಅದು ಬೇರೆಯದೇ ರೀತಿಯಲ್ಲಿ ತಿಳಿದಿತ್ತು. ಒಳಗೆ ಜೀವವಿರುವ, ಎಲ್ಲರಿಗೂ ಉಣಬಡಿಸುವ ನೀರು ಎಂದರೆ ಅದಕ್ಕೆ ಬರಿಗೈಯಲ್ಲಿ ಹೋಗುವುದು ಹೇಗೆ? ಮುಂದಿನ ಮಂಗಳವಾರವೇ ಹೊಂಡದ ದಂಡೆಗೆ ಅರಿಶಿನ ಕುಂಕುಮ ಬಿದ್ದಿತ್ತು. ದೇಸಾಯರು ನೋಡಿದರು, ನೀರಿಗೆ ಬಿದ್ದಿಲ್ಲವಲ್ಲ ಎಂದು ಸುಮ್ಮನಾದರು.

ಈಗ ಹೊಂಡದ ವಾಸನೆ ಬದಲಾಗಿತ್ತು. ಹಳೆಯ ಮಜ್ಜಿಗೆಯ ಹುಳಿ ವಾಸನೆ ಹೋಗಿ, ದನದ ಕೊಟ್ಟಿಗೆಯ ಗಂಜಲದ ಘಾಟು ಮೂಗಿಗೆ ಹೊಡೆಯುತ್ತಿತ್ತು. ಗಾಳೆಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮುಳ್ಳನ್ನು ನೋಡುತ್ತ ಕೂತಳು. ಅವಳಿಗೆ ದಿನ ತುಂಬುತ್ತ ಬಂದಿದ್ದವು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಕಟ್ಟಿದ ಬಸಿರು.

*

ಮನೆಗೆ ಬಂದಾಗ ಅತ್ತೆ ದುರುಗವ್ವ ನೆಲದ ಮೇಲೆ ಕಾಲು ಚಾಚಿ ಕೂತು ತಂತಿ ಹೊಸೆಯುತ್ತಿದ್ದಳು. ದುರುಗವ್ವ ಒಳಗೇರಿಯ ಸೂಲಗಿತ್ತಿ. ಅವಳ ಬೆರಳುಗಳು ದಪ್ಪ, ಆದರೆ ಕೆಲಸ ನಾಜೂಕು. ಪಕ್ಕದ ಮನೆಯ ಫಕೀರವ್ವ ಹೊಸ್ತಿಲ ಮೇಲೆ ಕೂತು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದಳು. ಈಗ ಎಲ್ಲರಿಗೂ ತಲೆನೋವು.

"ಬಂದ್ಲು ನೋಡು," ಎಂದಳು ಫಕೀರವ್ವ. "ಇಬ್ಬರ ಉಸಿರು ಒಬ್ಬಾಕೀನ ಎಳೀತಾಳ. ಮುಳ್ಳು ಸರೀದ ಏನು ಮಾಡ್ತೈತಿ?"

"ನೀ ಬಾಯಿ ಮುಚ್ಚಿದ್ರ ನಾಕ್ ಮಂದಿ ಉಸಿರು ಉಳೀತೈತಿ," ಎಂದಳು ದುರುಗವ್ವ ತಲೆ ಎತ್ತದೆ.

ಫಕೀರವ್ವ ನಕ್ಕಳು, ನಗು ಅರ್ಧಕ್ಕೇ ಕೆಮ್ಮಾಯಿತು. ಅವಳು ಎದ್ದು ಹೋದ ಮೇಲೆ ಗಾಳೆಮ್ಮ ಅತ್ತೆಯ ಕೈಯನ್ನು ನೋಡಿದಳು. ಬೆರಳ ತುದಿಯಷ್ಟು ಪುಟ್ಟ ತೊಟ್ಟಿಲು. ನಾಲ್ಕು ಮೂಲೆಗೆ ನಾಲ್ಕು ಎಳೆ, ಮೇಲೆ ಒಂದು ಕೊಂಡಿ. ಕೆಂಪಗೆ ಮಿರುಗುತ್ತಿತ್ತು. ಗಣಿಯ ಗೋಡೆಗಳಲ್ಲಿ ಹಳೆಯ ಕೇಬಲ್ಲುಗಳು ಎಳೆದಷ್ಟೂ ಸಿಗುತ್ತಿದ್ದವು. ರಬ್ಬರು ಸುಲಿದರೆ ಒಳಗೆ ತಾಮ್ರ.

"ಯಾರಿಗ್ರಿ ಅತ್ತಿ ಇದು?"

"ಯಾರಿಗೂ ಅಲ್ಲ. ಗಿಡಕ್ಕ." ದುರುಗವ್ವ ಕೊಂಡಿಯನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡಿದಳು. "ಹಸರು ಉಳೀಲಿ ಅಂತ ಬೇಡ್ಕೊಂಡೀನಿ. ನಾಳೆ ಮಂಗಳವಾರ. ಗಡಿಗಿ ನೀರಿನ ಜೋಡಿ ಬಿಟ್ಟು ಬರ್ತೀನಿ."

ಹೋದ ವರ್ಷ ಮೇಲೆ ಹತ್ತುವ ಮೊದಲು ಗಾಳೆಮ್ಮನೂ ಹಾಗೇ ಒಂದು ತೊಟ್ಟಿಲನ್ನು ಗಡಿಗೆಯೊಳಗೆ ಹಾಕಿಕೊಂಡು ಹೋಗಿ ಹೊಂಡಕ್ಕೆ ಬಿಟ್ಟಿದ್ದಳು. ಮಾಡಿಕೊಟ್ಟವಳು ದುರುಗವ್ವನೇ. 'ಮಂದಿಗೆ ಹೇಳಬ್ಯಾಡ, ಬಾಯಿಬಿಟ್ಟ ಹರಕಿ ಮುಟ್ಟಂಗಿಲ್ಲ' ಎಂದಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಗಾಳೆಮ್ಮನ ಮುಟ್ಟು ನಿಂತಿತ್ತು. ಈ ಯುಗಾದಿಗೆ ಅವಳು ಏರುಹೊಟ್ಟೆ ಹೊತ್ತು ಕೆಳಗಿಳಿದಾಗ, ದಾರಿಯುದ್ದಕ್ಕೂ ಹೆಂಗಸರು ಅವಳನ್ನು ನಿಂತು ನೋಡಿದ್ದರು. ಬಂಜೆ ಎಂದು ಹಿಂದಿನಿಂದ ಆಡಿಕೊಂಡವರೂ ನೋಡಿದ್ದರು.

ಅವರ ನೋಟದಲ್ಲಿ ಆಶ್ಚರ್ಯ ಮಾತ್ರವಿದೆ ಎಂದು ಆಗ ಅವಳು ತಿಳಿದಿದ್ದಳು.

*

ಮರುದಿನ ಬೆಳಗಿನ ದೀಪ ಹತ್ತುತ್ತಲೇ ದೇಸಾಯರು ಹೊಂಡದ ನೀರನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಮಾಪಕದ ಕೋಣೆಗೆ ಬಂದರು. ಎರಡು ದಿನದ ಗಡ್ಡ, ಅಂಗಿಯ ಗುಂಡಿ ತಪ್ಪಿತ್ತು.

"ಗಾಳೆಮ್ಮ, ಇದನ್ನ ಸ್ವಲ್ಪ ಹಿಡೀರಿ. ಬಾಟ್ಲಿಗೆ ಎರಡೂ ಕೈ ಬೇಕು."

ಅವಳು ಹಿಡಿದಳು. ಅವರು ಸಣ್ಣ ಬಾಟಲಿಯ ಬಿರಡೆ ತೆಗೆದಾಗ ಕಣ್ಣಲ್ಲಿ ನೀರು ಬರುವಷ್ಟು ಘಾಟು ಬಂತು. ಅಮೋನಿಯಾ. ಹನಿಹನಿಯಾಗಿ ನಳಿಕೆಗೆ ಬಿಟ್ಟರು. ತಿಳಿಯಾಗಿ ಸೋಸಿದ ಕಳಿನೀರು ಮೊದಲು ಮಸುಕಾಯಿತು. ಆಮೇಲೆ, ಯಾರೋ ಒಳಗಿನಿಂದ ದೀಪ ಹಚ್ಚಿದ ಹಾಗೆ, ನೀಲಿಗೆ ತಿರುಗಿತು.

"ತಾಮ್ರ," ಎಂದರು ದೇಸಾಯರು. ಕುರ್ಚಿಯಲ್ಲಿ ಕುಸಿದು ಕೂತರು. "ನಮ್ಮ ಅಜ್ಜಿ ತಾಮ್ರದ ತಂಬಿಗಿ ಒಳಗ ನೀರು ಇಡ್ತಿದ್ಲು. ಯಾಕ? ಅದರಾಗ ಕ್ರಿಮಿ ಸಾಯ್ತಾವಂತ. ಅಲ್ಲಿ ಸತ್ತರ ಛಲೋ. ಇಲ್ಲಿ ಅವ ನಮ್ಮ ಅಡಗಿಯವರು. ಅವು ಸತ್ತಾವ, ಅಮೋನಿಯಾ ಹಂಗ ಉಳದದ, ಅದು ಬೇರನ್ನ ಸುಡ್ಲಿಕ್ಕತ್ತದ."

"ತಾಮ್ರ ಎಲ್ಲಿಂದ ಬಂತ್ರಿ ಸರ?" ತನ್ನ ದನಿ ಯಾರದೋ ದನಿಯಂತೆ ಗಾಳೆಮ್ಮನಿಗೆ ಕೇಳಿಸಿತು.

"ಪಂಪಿನ ಒಳಗ ಉಂಗುರದಂಥಾ ಬಳಿ ಅದ, ಹಿತ್ತಾಳಿದು. ಹಿತ್ತಾಳಿ ಅಂದ್ರ ಅರ್ಧಕ್ಕಿಂತ ಹೆಚ್ಚು ತಾಮ್ರ. ನೋಡ್ರಿ." ಅವರು ಗೋಡೆಯ ಮೇಲಿನ ರೇಖೆಯನ್ನು ತೋರಿಸಿದರು. ಗಿಡಕ್ಕೆ ಸಿಗುವ ಆಹಾರದ ರೇಖೆ ಅದು. ಪ್ರತಿ ಮಂಗಳವಾರದ ಬೆನ್ನಿಗೆ ಅದು ಮೆಟ್ಟಿಲಿನಂತೆ ಕೆಳಗಿಳಿದಿತ್ತು. "ಮಂಗಳವಾರ ಮನಿಮನಿ ಗಡಗಿ ಬಂದು ಬೀಳ್ತಾವ, ಹುಳಿ ಹೆಚ್ಚಾಗ್ತದ, ಹುಳಿ ಬಳೀನ್ನ ತಿಂತದ. ಹಿಂಗ ಆಗಿರಬೇಕು. ಇವತ್ತ ಪಂಪು ನಿಲ್ಲಿಸಿ ಬಿಚ್ಚೋಣ."

"ಪಂಪು ನಿಂತ್ರ?"

"ಬೇರು ಒಣಗ್ತಾವ. ಇರೋ ಗಿಡದಾಗ ಅರ್ಧ ಹೋಗ್ತಾವ." ಅವರು ಮುಳ್ಳಿನ ಕಡೆ ನೋಡಲಿಲ್ಲ, ಅವಳ ಹೊಟ್ಟೆಯ ಕಡೆಯೂ ನೋಡಲಿಲ್ಲ. "ಗೊತ್ತದ. ಆದ್ರ ವಿಷ ಬರೋ ಬಾಯಿ ಮುಚ್ಚದ ಬ್ಯಾರೆ ಏನು ಮಾಡಿದ್ರೂ ಉಪಯೋಗಿಲ್ಲ."

ಗಾಳೆಮ್ಮ ನಳಿಕೆಯನ್ನು ಮೇಜಿನ ಮೇಲಿಟ್ಟಳು.

"ಸರ, ಒಂದು ಸಣ್ಣ ತಂತಿ ಬಿದ್ರ ಹಿಂಗ ಆಗ್ತೈತೇನ್ರಿ?"

"ಒಂದು ತಂತಿ? ಇಷ್ಟು ದೊಡ್ಡ ಹೊಂಡಕ್ಕ? ಕೆರಿಗೆ ಚಿಟಕಿ ಉಪ್ಪು ಹಾಕಿದಂಗ. ಏನೂ ಆಗೂದಿಲ್ಲ. ರಾಶಿ ಬೀಳಬೇಕು."

ಅವಳ ಎದೆಯಿಂದ ಏನೋ ಇಳಿದುಹೋಯಿತು. ನನ್ನದರಿಂದ ಅಲ್ಲ. ಒಂದರಿಂದ ಏನೂ ಆಗುವುದಿಲ್ಲ. ಹಾಗೆಂದುಕೊಂಡು ಅವಳು ಮತ್ತೆ ರೇಖೆಯನ್ನು ನೋಡಿದಳು. ಯುಗಾದಿಯ ನಂತರದ ಮೊದಲ ಮೆಟ್ಟಿಲು ಸಣ್ಣದು. ಮುಂದಿನದು ಅದಕ್ಕಿಂತ ದೊಡ್ಡದು. ಎಲೆಗಳು ಹಳದಿಯಾಗತೊಡಗಿದ ಮೇಲಿನವು ಆಳವಾಗಿದ್ದವು. ಮನೆಗಳು ಅವೇ, ಗಡಿಗೆಗಳೂ ಅಷ್ಟೇ. ಹುಳಿ ಯಾಕೆ ವಾರವಾರಕ್ಕೆ ಹೆಚ್ಚಾಗುತ್ತದೆ?

ಮಂಗಳವಾರದ ಸಾಲು ಅವಳ ಕಣ್ಣಿಗೆ ಕಟ್ಟಿತು. ಗಡಿಗೆ ಬಗ್ಗಿಸುವಾಗ ಒಬ್ಬೊಬ್ಬರೂ ಸೆರಗಿನಿಂದ ಗಡಿಗೆಯ ಬಾಯಿಯನ್ನು ಮರೆ ಮಾಡುತ್ತಿದ್ದರು. ಘಾಟಿಗೆ ಎಂದು ಅವಳು ತಿಳಿದಿದ್ದಳು. ಅವಳೂ ಹಾಗೇ ಮರೆ ಮಾಡಿದ್ದಳು, ಘಾಟಿಗಲ್ಲ.

*

"ಎಷ್ಟು ಮಂದಿಗೆ ಮಾಡಿಕೊಟ್ಟೀರಿ ಅತ್ತಿ?"

ದುರುಗವ್ವ ಗಡಿಗೆಗೆ ಹೊರಗಿನಿಂದ ಸುಣ್ಣದ ಗೆರೆ ಎಳೆಯುತ್ತಿದ್ದಳು. ಕೈ ನಿಂತಿತು.

"ಕೇಳಿದವರಿಗೆಲ್ಲ. ಯಾಕ?"

"ಎಷ್ಟು ಮಂದಿ ಕೇಳಿದ್ರು?"

"ಲೆಕ್ಕ ಇಟ್ಟೀನೇನು? ನಿನ್ನ ಹೊಟ್ಟಿ ನೋಡಿದವರೆಲ್ಲ ಬಂದ್ರು. ಮಕ್ಕಳಿಲ್ಲದವರು, ಗಂಡು ಬೇಕಂದವರು, ಹೆರಿಗಿ ಸಸೂತ್ರ ಆಗ್ಲಿ ಅಂದವರು. ಎಲಿ ಹಳದಿ ಆದಮ್ಯಾಲ ಎಲ್ಲಾ ಮನ್ಯಾಗಿಂದೂ ಬಂದ್ರು. ಒಬ್ಬರಿಗೊಬ್ಬರು ಗೊತ್ತಿಲ್ಲ, ನಾ ಯಾರಿಗೂ ಹೇಳಿಲ್ಲ."

ಗಾಳೆಮ್ಮ ಗೋಡೆಗೆ ಒರಗಿ ಕೂತಳು. ನೀಲಿಗೆ ತಿರುಗಿದ ನೀರಿನ ಸಂಗತಿಯನ್ನು, ರೇಖೆಯ ಸಂಗತಿಯನ್ನು ಹೇಳಿದಳು. ಎಲೆ ಹಳದಿಯಾದಷ್ಟೂ ಹರಕೆ ಬಿದ್ದದ್ದು, ಹರಕೆ ಬಿದ್ದಷ್ಟೂ ಎಲೆ ಹಳದಿಯಾದದ್ದು. ಪಂಪು ನಿಲ್ಲಿಸಲು ಹೊರಟಿದ್ದಾರೆ, ಪಂಪಿನ ತಪ್ಪೇನೂ ಇಲ್ಲ, ನಿಲ್ಲಿಸಿದರೆ ಉಳಿದ ಗಿಡವೂ ಹೋಗುತ್ತದೆ ಎಂದಳು.

ದುರುಗವ್ವ ಸುಣ್ಣದ ಬಟ್ಟಲನ್ನು ಬದಿಗಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು:

"ಈಗ ಏನಂತಿ? ಕೊಟ್ಟಿದ್ದನ್ನ ವಾಪಸ್ ತಗೀಬೇಕಂತಿ?"

"ತಗೀಬೇಕ್ರಿ."

"ನಿಂದೂ?"

ಗಾಳೆಮ್ಮನ ಹೊಟ್ಟೆಯೊಳಗೆ ಕೂಸು ಮಗ್ಗುಲು ತಿರುಗಿತು. ಮೊಣಕಾಲೋ ಮೊಣಕೈಯೋ ಚರ್ಮದ ಕೆಳಗೆ ಉಬ್ಬಿ ಸರಿಯಿತು.

"ಹೆರಿಗಿ ಆಗೂತನ ತೊಟ್ಟಲಾ ಮನಿಗೆ ತರಬಾರದಂತ ನಿನಗ ಗೊತ್ತೈತಿ," ಎಂದಳು ದುರುಗವ್ವ. "ಖಾಲಿ ತೊಟ್ಟಲಾ ಮನಿಗೆ ಬಂದ್ರ ಖಾಲೀನ ಉಳೀತೈತಿ. ಎಷ್ಟು ಮಂದೀದು ಈ ಕೈಲೆ ಹೆರಿಗಿ ಮಾಡೀನಿ, ಸತ್ತ ಕೂಸು ತಗದೀನಿ. ನಿನಗ ಇದು ಒಂದು. ಇದೊಂದ ನಮ್ಮ ಮನಿಗೆ. ಹೊಂಡದ ತಾಯಿ ಕೊಟ್ಟಿದ್ದನ್ನ ಆಕೀನ ಕಸಗೊಂಡ್ರ ಯಾರನ್ನ ಕೇಳ್ತಿ?"

"ಉಸಿರ ಇಲ್ಲಂದ್ರ ಹುಟ್ಟಿದ್ದು ಏನ್ ಮಾಡ್ತೈತ್ರಿ?"

ಅದು ಜೋರು ದನಿಯಲ್ಲಿ ಬಂತು. ಗಾಳೆಮ್ಮ ಅತ್ತೆಯ ಮುಂದೆ ಆ ದನಿಯಲ್ಲಿ ಎಂದೂ ಮಾತಾಡಿರಲಿಲ್ಲ. ದುರುಗವ್ವ ಮುಖ ತಿರುಗಿಸಿದಳು. ಹೊಸದಾಗಿ ಹೊಸೆದ ತೊಟ್ಟಿಲನ್ನು ಗಡಿಗೆಗೆ ಹಾಕಲಿಲ್ಲ. ಎಸೆಯಲೂ ಇಲ್ಲ. ಕುಪ್ಪಸದೊಳಗೆ ಇಟ್ಟುಕೊಂಡು, ಗಡಿಗೆ ಹೊತ್ತು, ಸೊಸೆಗಾಗಿ ಕಾಯದೆ ಹೊರಟಳು.

*

ತಾಯಿಹೊಂಡದ ಸುತ್ತ ಹೆಂಗಸರ ಸಾಲು ನಿಂತಿತ್ತು. ಪಂಪಿನ ಹತ್ತಿರ ದೇಸಾಯರೂ ಇಬ್ಬರು ಮೆಕ್ಯಾನಿಕ್ಕರೂ ಪಾನಾ ಹಿಡಿದು ಕೂತಿದ್ದರು. ಗಾಳೆಮ್ಮನ ಗಂಡ ಕನಕರಾಯ ದೀಪಗಳ ಕೆಲಸದವನು, ಏಣಿ ಹಿಡಿದು ನಿಂತಿದ್ದ. ಹೆಂಡತಿ ಬರುತ್ತಿರುವ ರೀತಿಯನ್ನು ನೋಡಿ ಏಣಿಯನ್ನು ಗೋಡೆಗೆ ಒರಗಿಸಿದ.

ಕಸ ತೆಗೆಯುವ ಉದ್ದ ಕೋಲಿನ ಜಾಲರಿ ದಂಡೆಯ ಮೇಲಿತ್ತು. ಗಾಳೆಮ್ಮ ಅದನ್ನು ಎತ್ತಿಕೊಂಡಳು. ಯಾರನ್ನೂ ಕೇಳಲಿಲ್ಲ. ಕೇಳಿದರೆ ಮಾತಾಡಬೇಕಾಗುತ್ತಿತ್ತು. ಗಡಿಗೆಗಳನ್ನು ಬಗ್ಗಿಸುವ ಕಟ್ಟೆಯ ಬಳಿ ನಿಂತು ಕೋಲನ್ನು ತಳದವರೆಗೆ ಇಳಿಸಿ, ತನ್ನ ಕಡೆಗೆ ಎಳೆದಳು.

ಭಾರವಿತ್ತು. ಕನಕರಾಯ ಓಡಿ ಬಂದು ಕೋಲಿಗೆ ಕೈಹಾಕಿದ.

"ಏನ ಇದು? ಏನ್ ಹಿಡೀತಿ ನೀ?"

"ಎಳೀರಿ," ಎಂದಳು.

ಜಾಲರಿ ಮೇಲೆ ಬಂತು. ಕಪ್ಪು ಲೋಳೆ ಸೋರಿಹೋದಂತೆ ಅದರೊಳಗೆ ಹಸಿರು ಬಣ್ಣದ ಏನೋ ಕಾಣಿಸಿತು. ಕಿಲುಬು ಹಿಡಿದ ಪುಟ್ಟ ತೊಟ್ಟಿಲುಗಳು. ಒಂದಲ್ಲ, ಹತ್ತಲ್ಲ. ಕೊಂಡಿಗೆ ಕೊಂಡಿ ಸಿಕ್ಕಿಕೊಂಡು ಮುದ್ದೆಯಾಗಿದ್ದವು.

ಸಾಲಿನಲ್ಲಿ ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು, ಆಕೆ ಮತ್ತೊಬ್ಬಳದು. ತನ್ನದೊಂದೇ ಎಂದು ತಿಳಿದಿದ್ದವರೆಲ್ಲ ಆ ಮುದ್ದೆಯಲ್ಲಿ ತಮ್ಮದನ್ನು ಹುಡುಕುತ್ತಿದ್ದರು.

"ಯವ್ವಾ," ಎಂದಳು ಫಕೀರವ್ವ ಕೊನೆಗೆ. "ಇದರಾಗ ನಂದು ಯಾವ್ದು?"

ಯಾರೋ ನಕ್ಕರು, ಯಾರೋ ಅತ್ತರು. ದೇಸಾಯರು ಎದ್ದು ಬಂದು ಜಾಲರಿಯ ಮುಂದೆ ಮೊಣಕಾಲೂರಿದರು. ಒಂದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದರು. ಅವರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ.

"ಇಷ್ಟು ಚಂದ ಯಾರು ಮಾಡಿದ್ದು?" ಎಂದರು.

"ನಾನ." ದುರುಗವ್ವ ಗಡಿಗೆ ಇಳಿಸಿ ಮುಂದೆ ಬಂದಳು. "ನಾನ ಮಾಡಿದ್ದು, ನಾನ ಹಾಕ್ರಿ ಅಂದಿದ್ದು. ಬೈಯೂದಿದ್ರ ನನಗ ಬೈರಿ, ಹುಡುಗ್ಯಾರಿಗೆ ಏನೂ ಅನಬ್ಯಾಡ್ರಿ." ಕುಪ್ಪಸದಿಂದ ಹೊಸ ತೊಟ್ಟಿಲನ್ನು ತೆಗೆದು ಅವರ ಕೈಯಲ್ಲಿಟ್ಟಳು. ಹಸಿರು ತೊಟ್ಟಿಲಿನ ಪಕ್ಕ ಅದು ಬೆಂಕಿಯ ಚೂರಿನ ಹಾಗಿತ್ತು. "ಇದೊಂದು ಇನ್ನೂ ಬಿದ್ದಿಲ್ಲ."

"ಎಲ್ಲಾ ತಗೀಬೇಕವಾ."

"ತಗೀರಿ. ಆದ್ರ ಮನಿಗೆ ಒಯ್ಯಾಕ ಬರಂಗಿಲ್ಲ. ಇದರಾಗ ಬಸರ ಹೆಂಗಸರವು ಅದಾವು."

ಹೆಂಗಸರ ನಡುವೆ ಗುಸುಗುಸು ಎದ್ದಿತು. ಹೌದು, ಮನೆಗೆ ಹೇಗೆ ಒಯ್ಯುವುದು? ಎಸೆಯುವುದಂತೂ ಇನ್ನೂ ಕೆಟ್ಟದ್ದು. ಸಾಲು ಹಿಂದೆ ಸರಿಯಿತು. ಒಂದಿಬ್ಬರು ಗಡಿಗೆ ಎತ್ತಿಕೊಂಡು ಹೊರಟೇಬಿಟ್ಟರು.

ದೇಸಾಯರು ತಲೆ ಕೆರೆದುಕೊಂಡರು. "ನನ್ನ ಕೋಣಿ ಒಳಗ ಇಡ್ರಿ. ಬ್ರಹ್ಮಚಾರಿ ಕೋಣಿ. ಅಲ್ಲಿ ತೊಟ್ಟಲಾ ಇದ್ರ ಯಾರಿಗೇನು? ನಿಮ್ಮ ನಿಮ್ಮ ಹೆರಿಗಿ ಆದ ಮ್ಯಾಲ ಬಂದು ಒಯ್ರಿ."

"ಅವರಿಗೂ ಒಂದು ಹೆಣ್ಣು ನೋಡ್ರೆವ್ವಾ, ಅಷ್ಟು ತೊಟ್ಟಲಾ ಇಟ್ಕೊಂಡು ಹೆಂಗ ಮಲಗ್ತಾರ ಪಾಪ!" ಎಂದಳು ಫಕೀರವ್ವ.

ಹೊರಟವರು ನಿಂತರು. ಆದರೂ ಯಾರೂ ಜಾಲರಿಯ ಹತ್ತಿರ ಬರಲಿಲ್ಲ. ಗಾಳೆಮ್ಮ ಕಷ್ಟಪಟ್ಟು ಕುಳಿತು ಮುದ್ದೆಗೆ ಕೈಹಾಕಿದಳು. ಅವಳದರ ಗುರುತು ಅವಳಿಗಿತ್ತು. ಒಂದು ಮೂಲೆಯಲ್ಲಿ ಸುಲಿಯದೆ ಉಳಿದ ಕೆಂಪು ರಬ್ಬರಿನ ಚೂರು. ಜಾಲರಿಯಲ್ಲಿ ಸಿಗಲಿಲ್ಲ. ಎರಡನೆಯ ಸಲ ಎಳೆದಾಗಲೂ ಸಿಗಲಿಲ್ಲ. ಮೂರನೆಯ ಸಲ ಸಿಕ್ಕಿತು. ಬಿಡಿಸಿ ತೆಗೆದು ದೇಸಾಯರ ಕೈಗೆ ಕೊಡುವಾಗ ಅವಳ ಬೆರಳು ಒಂದು ಕ್ಷಣ ಅದನ್ನು ಬಿಡಲಿಲ್ಲ. ಎಲ್ಲರೂ ಅವಳ ಹೊಟ್ಟೆಯನ್ನೇ ನೋಡುತ್ತಿದ್ದರು. ಬಿಟ್ಟಳು.

ಆಮೇಲೆ ಒಬ್ಬೊಬ್ಬರಾಗಿ ಬಂದು ಕೂತರು.

*

ತಾಮ್ರ ತೆಗೆದಷ್ಟಕ್ಕೆ ನೀರಿನಲ್ಲಿ ಸತ್ತ ಜೀವಗಳು ಬದುಕಲಿಲ್ಲ. ಹಳೆಯ ಕಳಿನೀರನ್ನು ಪಾಳುಬಿದ್ದ ಒಂದು ಕುಣಿಗೆ ಬಿಟ್ಟು, ಹೊಂಡ ತೊಳೆದು, ಕುಡಿಯುವ ನೀರಿನಲ್ಲೇ ಉಳಿಸಿ ತುಂಬಿದರು; ಅಲ್ಲಿಯವರೆಗೆ ಬೇರು ಒಣಗದಂತೆ ಮಡಿಗಳಿಗೆ ಕೈಯಿಂದಲೇ ನೀರು ಚಿಮುಕಿಸಿದರು. ಹೆಪ್ಪಿಗೆ ಜೀವ ಬೇಕಿತ್ತು. ಮೇಲಿನ ಬಾಗಿಲ ಹತ್ತಿರದ ಸುರ‌ಂಗವನ್ನು ಕಾವು ತಡೆಯಲಾರದೆ ಹೋದ ವರ್ಷವೇ ಮುಚ್ಚಿದ್ದರು. ಅಲ್ಲಿನ ಮಡಿಗಳ ಕಲ್ಲುಗಳಿಗೆ ಹಳೆಯ ಕಳಿನೀರಿನ ಪಾಚು ಒಣಗಿ ಅಂಟಿತ್ತು. ಈ ವರ್ಷದ ನೀರು ಅಲ್ಲಿಗೆ ಹರಿದಿರಲಿಲ್ಲ. ಕನಕರಾಯ ಒದ್ದೆ ಗೋಣಿ ಹೊದ್ದುಕೊಂಡು ಹೋಗಿ ಆ ಕಲ್ಲುಗಳನ್ನು ಬುಟ್ಟಿಯಲ್ಲಿ ತಂದ. ಮುಖ ಕೆಂಪಗೆ ಬೆಂದಿತ್ತು.

"ಒಳಗ ಒಂದಿಷ್ಟು ಜೀವ ಉಳದಿರಬೇಕು," ಎಂದರು ದೇಸಾಯರು, ಕಲ್ಲುಗಳನ್ನು ಹೊಂಡಕ್ಕೆ ಇಳಿಸುತ್ತ. "ಹೆಪ್ಪು ಸ್ವಲ್ಪ ಸಾಕು. ಆದ್ರ ಇದು ಹಾಲಲ್ಲ, ಒಂದು ರಾತ್ರಿಗೆ ಹೆಪ್ಪಾಗೂದಿಲ್ಲ. ಇವು ನಿಧಾನ ಬೆಳೀತಾವ. ಅಲ್ಲೀತನ ನಾವು ಕಮ್ಮಿ ಉಸಿರಾಡಬೇಕು."

ಒಳಗೇರಿ ಮಲಗಿತು. ಆಟ ನಿಂತಿತು, ಶಾಲೆ ನಿಂತಿತು. ಒಲೆಯ ಕರೆಂಟನ್ನೂ ದೀಪಗಳಿಗೆ ತಿರುಗಿಸಿ ಜನ ನೆನೆಸಿದ ಕಾಳು ತಿಂದರು. ಜಗಳವನ್ನೂ ಮಲಗಿಕೊಂಡೇ, ಪಿಸುದನಿಯಲ್ಲಿ ಆಡುತ್ತಿದ್ದರು. ಮಕ್ಕಳನ್ನು ಚಾಪೆಗೆ ಅಂಟಿಸಿದಂತೆ ಇಡುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಆಮೇಲಾಮೇಲೆ ಅವರೇ ಸುಮ್ಮನೆ ಬಿದ್ದುಕೊಂಡರು, ಅದನ್ನು ನೋಡುವುದು ಅದಕ್ಕಿಂತ ಕಷ್ಟವಾಯಿತು. ಗೋಡೆಗಳ ಮೇಲೆ ರಾಜಗಿರಿ ಜೋತುಬಿದ್ದಿತ್ತು. ಮುಳ್ಳು ಹಳದಿ ಪಟ್ಟಿಯ ಕೊನೆಗೆ ಬಂದು, ಕೆಂಪಿನ ಅಂಚನ್ನು ಮುಟ್ಟಿತು.

ಗಾಳೆಮ್ಮನಿಗೆ ನೋವು ಶುರುವಾದದ್ದು ಆಗ.

ಹೆರುವವಳು ಮೆಲ್ಲಗೆ ಉಸಿರಾಡಲು ಆಗುವುದಿಲ್ಲ. ನೋವಿನ ಪ್ರತಿ ಅಲೆಗೂ ಅವಳು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಳು, ಎಳೆದ ಗಾಳಿಯಲ್ಲಿ ಏನೂ ಇದ್ದಂತಿರಲಿಲ್ಲ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು. ದುರುಗವ್ವ ಅವಳ ಬೆನ್ನು ಒತ್ತುತ್ತಿದ್ದಳು. ಅವಳ ತುಟಿಗಳೂ ಬೂದಿಯ ಬಣ್ಣಕ್ಕೆ ತಿರುಗಿದ್ದವು.

"ತೊಟ್ಟಲಾ ತಗದಿದ್ದಕ್ಕ ಹಿಂಗ ಆಗಾಕತ್ತೈತೇನ್ರಿ ಅತ್ತಿ?"

"ಸುಮ್ನಿರು. ಮಾತಾಡಿ ಉಸಿರು ಹಾಳ ಮಾಡಬ್ಯಾಡ."

ಹೊರಗೆ ಕನಕರಾಯನ ದನಿ ಕೇಳಿಸಿತು. ಅವನು ಓಣಿಯಲ್ಲಿ ನಿಂತು ಗಂಡಸರನ್ನು ಕರೆಯುತ್ತಿದ್ದ. ಬೇಡಿಕೊಳ್ಳುತ್ತಿರಲಿಲ್ಲ, ಕೆಲಸಕ್ಕೆ ಕರೆಯುವಂತೆ ಕರೆಯುತ್ತಿದ್ದ. "ಮ್ಯಾಲಿನ ಸುರಂಗದಾಗ ಹೋದ ವರ್ಷದ್ದು ಗಾಳಿ ಹಂಗ ಐತಿ. ಬಿಸಿ ಐತಿ, ಸಾಯಂಗಿಲ್ಲ. ನಾವು ಅಲ್ಲಿ ಹೋಗಿ ಕುಂದ್ರೂನು. ಇಲ್ಲಿ ಉಸಿರಾಡೋರು ಕಮ್ಮಿ ಆದ್ರ ಆಕಿಗೆ ಆಗ್ತೈತಿ."

ಆಮೇಲೆ ಚಾಪೆಗಳಿಂದ ಏಳುವ ಸಪ್ಪಳ, ಕೆಮ್ಮು, ಒದ್ದೆ ಗೋಣಿ ಹಿಂಡುವ ಸಪ್ಪಳ. ಓಣಿಯುದ್ದಕ್ಕೂ ನಿಧಾನವಾದ ಹೆಜ್ಜೆಗಳು. ಕಬ್ಬಿಣದ ಬಾಗಿಲು ತೆರೆದದ್ದು, ಮುಚ್ಚಿದ್ದು. ಒಳಗೇರಿಯ ಗಂಡಸರೆಲ್ಲ ಬೆಂಕಿಯ ಬಾಯಿಯ ಹತ್ತಿರ ಹೋಗಿ ಕೂತರು.

ದೇಸಾಯರು ಮಾತ್ರ ಹೊಂಡದ ದಂಡೆ ಬಿಟ್ಟು ಕದಲಲಿಲ್ಲ.

ಕೂಸು ಬಂತು. ಹೆಣ್ಣು. ಅಳಲಿಲ್ಲ. ದುರುಗವ್ವ ಅದರ ಬಾಯೊಳಗೆ ಬೆರಳು ಹಾಕಿ ತೆಗೆದಳು, ತಲೆಕೆಳಗಾಗಿ ಹಿಡಿದಳು, ಅಂಗಾಲಿಗೆ ಹೊಡೆದಳು. ಗಾಳೆಮ್ಮ ತಲೆ ಎತ್ತಿ ನೋಡುತ್ತಿದ್ದಳು. ನೀಲಿ. ಆ ನಳಿಕೆಯ ನೀಲಿ. ದುರುಗವ್ವ ಕೂಸಿನ ಬಾಯಿಗೆ ತನ್ನ ಬಾಯಿಟ್ಟಳು. ತನ್ನಲ್ಲೇ ಇಲ್ಲದ ಉಸಿರನ್ನು ಒಂದು ಸಲ, ಇನ್ನೊಂದು ಸಲ ಊದಿದಳು.

ಕೂಸು ಸೀನಿತು. ಆಮೇಲೆ, ಒಳಗೇರಿಯಲ್ಲಿ ಎಷ್ಟೋ ದಿನಗಳಿಂದ ಯಾರೂ ಮಾಡದಿದ್ದ ಕೆಲಸ ಮಾಡಿತು. ಗಂಟಲು ಹರಿಯುವಂತೆ ಕಿರುಚಿತು.

ಓಣಿಯಲ್ಲಿ ಮಲಗಿದ್ದ ಹೆಂಗಸರು ಎದ್ದು ಕೂತರು. "ಅಳ್ಳಿ ಬಿಡ್ರೆವ್ವಾ," ಎಂದಳು ಫಕೀರವ್ವ ಗೋಡೆಯಾಚೆಯಿಂದ, "ನನ್ನ ಪಾಲಿಂದೂ ಅದ ಎಳಕೊಳ್ಳಿ."

ಮರುದಿನ ದೇಸಾಯರು ಬಾಗಿಲ ಹೊರಗೇ ನಿಂತು ಹೇಳಿದರು. "ಮುಳ್ಳು ಇಳದಿಲ್ಲ. ಆದ್ರ ನಿಂತದ. ಹೊಂಡದಾಗ ಅಡಗಿ ಶುರು ಆಗೇದ." ಅವರ ಕೈಯಲ್ಲಿದ್ದ, ನೀರು ಪರೀಕ್ಷಿಸುವ ಕಾಗದದ ಪಟ್ಟಿ ನಸುಗೆಂಪಾಗಿತ್ತು, ಗಿಡಕ್ಕೆ ಊಟ ಸಿಗತೊಡಗಿದ್ದರ ಗುರುತು. ಅದನ್ನು ಅವಳಿಗೆ ತೋರಿಸಲು ತಂದಿದ್ದರು. ಬಾಣಂತಿಯ ಕೋಣೆಯೊಳಗೆ ಬರುವುದು ಹೇಗೆಂದು ತಿಳಿಯದೆ ಹೊಸ್ತಿಲ ಮೇಲಿಟ್ಟು ಹೋದರು.

*

ತೊಟ್ಟಿಲಿಗೆ ಹಾಕುವ ದಿನದ ಹೊತ್ತಿಗೆ ಪುಂಡಿಯ ಹೊಸ ಚಿಗುರು ಹಸಿರಾಗಿ ಬಂದಿತ್ತು. ಗಂಡಸರ ಮೈಮೇಲಿನ ಬೊಬ್ಬೆಗಳು ಒಣಗಿದ್ದವು. ದುರುಗವ್ವ ದೇಸಾಯರ ಕೋಣೆಗೆ ಹೋಗಿ ಗುರುತು ಹಿಡಿದು ಒಂದೇ ಒಂದು ತೊಟ್ಟಿಲನ್ನು ತಂದಳು. ಕೆಂಪು ರಬ್ಬರಿನ ಚೂರು ಹಾಗೇ ಇತ್ತು.

"ಈಗ ತರಾಕ ಅಡ್ಡಿಯಿಲ್ಲ," ಎಂದಳು. "ಕೂಸಿನ ತೊಟ್ಟಲಕ್ಕ ಇದನ್ನ ಕಟ್ಟೂನು."

ಗಾಳೆಮ್ಮ ಕೂಸಿಗೆ ಮೊಲೆ ಕೊಡುತ್ತ ಕೂತಿದ್ದಳು. ದುರುಗವ್ವ ಬೋಗುಣಿಯಲ್ಲಿ ಹುಣಸೆಹಣ್ಣು ಕಿವುಚಿ, ಚಿಟಿಕೆ ಉಪ್ಪು ಹಾಕಿ, ತೊಟ್ಟಿಲನ್ನು ಉಜ್ಜತೊಡಗಿದಳು. ಹಸಿರು ಕಿಲುಬು ಬಿಟ್ಟು ಕೆಳಗಿನ ಕೆಂಪು ಹೊರಬಂತು. ಎಳೆಗಳು ಮೊದಲಿಗಿಂತ ಸಪೂರವಾಗಿದ್ದವು. ಹೊಂಡ ಒಂದಿಷ್ಟು ತಿಂದಿತ್ತು. ಉಜ್ಜಿ, ತೊಳೆದು, ದೀಪಕ್ಕೆ ಹಿಡಿದು ನೋಡಿ, ದುರುಗವ್ವ ಮಗುವಿನ ಹಾಗೆ ನಕ್ಕಳು. ಬೋಗುಣಿ ಎತ್ತಿಕೊಂಡು ಎದ್ದಳು. ಬಚ್ಚಲ ಕಡೆ ನಡೆದಳು. ಬಗ್ಗಿದಳು.

ಬೋಗುಣಿಯ ಅಂಚಿಗೆ ಬಂದ ನೀರು ಹಸಿರಾಗಿತ್ತು.

"ಅತ್ತೀ!"

ಕೂಸು ಬೆಚ್ಚಿ ಮೊಲೆ ಬಿಟ್ಟಿತು. ದುರುಗವ್ವನ ಕೈ ಗಾಳಿಯಲ್ಲೇ ನಿಂತಿತು. ಬಚ್ಚಲ ತೂತಿನೊಳಗೆ, ದೂರದಲ್ಲಿ, ತಾಯಿಹೊಂಡಕ್ಕೆ ಹರಿಯುವ ನೀರಿನ ಸಪ್ಪಳ ಕೇಳಿಸುತ್ತಿತ್ತು. ಅವಳು ಬೋಗುಣಿಯನ್ನು ಎರಡೂ ಕೈಯಿಂದ ಹಿಡಿದು, ಒಂದು ಹನಿಯೂ ಚೆಲ್ಲದಂತೆ, ಹಿಂದಕ್ಕೆ ಹೆಜ್ಜೆ ಇಟ್ಟಳು.

"ಇಷ್ಟಕ್ಕ ಏನ್ ಆಗ್ತಿತ್ತು," ಎಂದಳು.

"ಎಲ್ಲಾರೂ ಹಂಗ ಅನಕೊಂಡಿದ್ವಿ."

ಇಬ್ಬರೂ ಸೇರಿ ಆ ನೀರನ್ನು ಔಷಧಿಯ ಖಾಲಿ ಶೀಸೆಗೆ ಬಗ್ಗಿಸಿದರು. ಬೋಗುಣಿ ಒರೆಸಿದ ಅರಿವೆಯನ್ನೂ ಬೇರೆ ಕಟ್ಟಿಟ್ಟರು. ಮಳೆ ಬಂದು ಮೇಲಿನ ಬಾಗಿಲು ತೆರೆದಾಗ ಕನಕರಾಯ ಎಲ್ಲಕ್ಕಿಂತ ಮೊದಲು ಅದನ್ನು ಹೊರಗೆ ಒಯ್ಯಬೇಕು. ಅಲ್ಲಿಯವರೆಗೆ ಶೀಸೆ ಗೋಡೆಯ ಗೂಡಿನಲ್ಲಿ, ಪುಂಡಿಯ ಮಡಿಯಿಂದ ದೂರ ಇರಲಿ ಎಂದು ಇಟ್ಟರು. ನೇರಳೆ ದೀಪಕ್ಕೆ ಅದು ಒಳ್ಳೇ ಚಂದ ಹೊಳೆಯುತ್ತಿತ್ತು.

ದುರುಗವ್ವ ಅದನ್ನು ನೋಡುತ್ತ ನಿಂತಳು. ಕೈ ತಾನಾಗಿಯೇ ಕುಂಕುಮದ ಬಟ್ಟಲಿಗೆ ಹೋಯಿತು. ಬೆರಳಿಗೆ ಕುಂಕುಮ ಹಚ್ಚಿಕೊಂಡು, ಅರ್ಧ ದಾರಿಯಲ್ಲಿ ನಿಂತು, ಸೊಸೆಯ ಮುಖ ನೋಡಿದಳು.

"ಹೊರಗಿನಿಂದ ಹಚ್ಚಿದ್ರ ಏನಾಗ್ತೈತಿ ಹೇಳು?"

ಗಾಳೆಮ್ಮ ಕೂಸನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟಿದಳು. ಅದರ ಉಸಿರು ಅವಳ ಕುತ್ತಿಗೆಗೆ ಬೆಚ್ಚಗೆ ತಾಗುತ್ತಿತ್ತು.

"ಹಚ್ರಿ," ಎಂದಳು. "ಮೊದಲು ಬಿರಡಿ ಬಿಗಿ ಐತಿಲ್ಲೋ ನೋಡ್ರಿ."